ಹಿಮಕ್ಕೂ ಒಂದು ಖಾನೆ ಇದೆ, ಗೋಮಾಳಕ್ಕೆ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಬೆಂಗಳೂರಿನ ಎರಡು ಉಪಗ್ರಹ ಚಿತ್ರ ಪಕ್ಕಪಕ್ಕ ಹಾಕಿದ್ದಿರಿ. ಒಂದು 1973ರದ್ದು, ಇನ್ನೊಂದು ಈಗಿನದ್ದು. ಹಳೇದರಲ್ಲಿ ನಡುವೆ ಒಂದು ಕೆಂಪು ಬೊಟ್ಟು, ಹೊಸದರಲ್ಲಿ ಕುಂಕುಮದ ಭರಣಿ ಉರುಳಿಬಿದ್ದ ಹಾಗೆ ಎಲ್ಲಾ ಕಡೆ ಕೆಂಪು. ಚಿತ್ರ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಕೆಳಗೆ ಬಣ್ಣಗಳ ವಿವರಣೆಯಲ್ಲಿ ಹಳದಿಗೆ 'ಬಂಜರು ಮತ್ತು ಇತರೆ' ಅಂತ ಬರೆದಿದ್ದಿರಲ್ಲ, ಆ 'ಇತರೆ' ಬಗ್ಗೆ ಈ ಪತ್ರ. ಸ್ವಲ್ಪ ಉದ್ದ ಇದೆ. ಕತ್ತರಿ ಹಾಕೋದಿದ್ದರೆ ಮಧ್ಯದಲ್ಲಿ ಹಾಕಿ, ಕೊನೆಯಲ್ಲಿ ಬೇಡ.

ನಾನು ಇದೇ ಬೆಂಗಳೂರಲ್ಲಿ 20 ವರ್ಷ ನಕ್ಷೆ ಕೆಲಸ ಮಾಡಿದವನು. ಕೆಲಸ ಅಂದರೆ ಇಷ್ಟೇ, ಉಪಗ್ರಹ ಚಿತ್ರದ ಮೇಲೆ ಮೌಸ್‌ನಲ್ಲಿ ಗೆರೆ ಎಳೆಯೋದು, ಇದು ಕೆರೆ, ಇದು ತೋಟ, ಇದು ರಸ್ತೆ ಅಂತ ಹೆಸರು ಕೊಡೋದು. ಕಾಲಿಟ್ಟೇ ಇಲ್ಲದ ದೇಶಗಳ ನೆಲಕ್ಕೆಲ್ಲ ನಾಮಕರಣ ಮಾಡಿದ್ದೇನೆ. ನಮ್ಮೂರು ದೊಡ್ಡಬಳ್ಳಾಪುರದ ಕಡೆ. ಅಲ್ಲಿನ ನೆಲಕ್ಕೆ ಯಾರೋ ಎಲ್ಲೋ ಕೂತು ಹೆಸರು ಕೊಟ್ಟಿದ್ದಾರೆ ಅನ್ನೋದು ಮಾತ್ರ ತಡವಾಗಿ ಹೊಳೆಯಿತು.

ಯುಗಾದಿ ಕಳೆದ ಮೇಲೆ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಸುಮ್ನೆ ಕೂರೋದು ಯಾಕೆ ಅಂತ ಲ್ಯಾಪ್‌ಟಾಪ್ ತೆಗೆದು ಡೈನಮಿಕ್ ವರ್ಲ್ಡ್ ತೋರಿಸಿದೆ. ಅದು ಗೂಗಲ್‌ನವರೂ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್‌ನವರೂ ಸೇರಿ 2022ರಲ್ಲಿ ಬಿಟ್ಟ ನಕ್ಷೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದಿಂದ ಹೊಸ ಚಿತ್ರ ಬಂದ ಹಾಗೆಲ್ಲ ಕಂಪ್ಯೂಟರೇ ಅದನ್ನು ಓದಿ, ಭೂಮಿಯ ನೆಲವನ್ನು ಒಂಬತ್ತು ಖಾನೆಗೆ ಹಂಚಿಬಿಡುತ್ತದೆ. ನೀರು, ಮರ, ಹುಲ್ಲು, ನೀರಲ್ಲಿ ನಿಂತ ಗಿಡ, ಬೆಳೆ, ಕುರುಚಲು, ಕಟ್ಟಡ, ಬರಡು, ಹಿಮ. ಮುಗೀತು. ನಮ್ಮ ರಾಗಿ ಹೊಲ ಏಪ್ರಿಲ್ ಚಿತ್ರದಲ್ಲಿ ಬರಡು. ಗೋಮಾಳ ಅರ್ಧ ಕುರುಚಲು, ಅರ್ಧ ಬರಡು. ಪಕ್ಕದ ನೀಲಗಿರಿ ತೋಪು ಮಾತ್ರ ಗಾಢ ಹಸಿರು, 'ಮರ'.

ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. "ನೀಲಗಿರಿ ತೋಪ್ನ ಕಾಡು ಅಂತವ್ನೆ, ಕುರಿ ಮೇಯೋ ಜಾಗನ ಬರಡು ಅಂತವ್ನೆ. ಇವ್ನು ಒಂದಿನನಾದ್ರೂ ಕುರಿ ಕಾಯ್ದವ್ನೇನಪ್ಪಾ?" ಆಮೇಲೆ ಹುಣಸೆ ಕಡೆಗೇ ತಿರುಗಿ, "ಹಿಮ ಎಲ್ಲೈತೆ ತೋರ್ಸು" ಅಂದರು.

ತಪ್ಪು ಕಂಪ್ಯೂಟರ್‌ದಲ್ಲ. ಮೇಲಿಂದ ಕಾಣೋದು ನೆಲದ ಹೊದಿಕೆ, ಅಂದರೆ ಮಣ್ಣಿನ ಮೇಲೆ ಆ ದಿನ ಏನಿದೆ ಅನ್ನೋದು. ಆ ನೆಲವನ್ನು ಯಾರು ಯಾವ ತಿಂಗಳು ಯಾವುದಕ್ಕೆ ಬಳಸುತ್ತಾರೆ ಅನ್ನೋದು ಬೇರೆ ಮಾತು, ಅದು ಎಷ್ಟೇ ದೊಡ್ಡ ಕ್ಯಾಮೆರಾ ಕಟ್ಟಿದರೂ ಕಾಣಲ್ಲ. ನಮ್ಮ ಕಸುಬಿನಲ್ಲಿ ಒಂದನ್ನು ಲ್ಯಾಂಡ್ ಕವರ್, ಇನ್ನೊಂದನ್ನು ಲ್ಯಾಂಡ್ ಯೂಸ್ ಅಂತೀವಿ. ಎರಡನ್ನೂ ಸೇರಿಸಿ ಒಂದೇ ಉಸಿರಲ್ಲಿ ಎಲ್‌ಯುಎಲ್‌ಸಿ ಅಂದು ಅಭ್ಯಾಸವಾಗಿ, ಎರಡೂ ಒಂದೇ ಅಂತ ನಾವೇ ನಂಬಿಬಿಟ್ಟಿದ್ದೆವು.

ಉಪಕರಣಗಳನ್ನು ಬೈಯೋಕೆ ಹೊರಟಿದ್ದೇನೆ ಅಂದುಕೊಳ್ಳಬೇಡಿ. ಅವುಗಳ ಮೇಲೆ ನನಗೆ ಭಕ್ತಿಯೇ ಇದೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ 1972ರಲ್ಲಿ ಹಾರಿತು, ನೀವು ಹಾಕಿದ ಹಳೇ ಚಿತ್ರ ಆ ಕಾಲದ್ದು. ನಾನು ಕೆಲಸಕ್ಕೆ ಸೇರಿದಾಗ ಒಂದೊಂದು ಚಿತ್ರಕ್ಕೂ ನೂರಾರು ಡಾಲರ್ ಕೊಡಬೇಕಿತ್ತು, ಮೋಡ ಇರೋ ಚಿತ್ರ ತರಿಸಿಬಿಟ್ಟರೆ ಮ್ಯಾನೇಜರ್ ಕೈಲಿ ಬೈಗುಳ ಗ್ಯಾರಂಟಿ. 2008ರಲ್ಲಿ ಅದನ್ನೆಲ್ಲ ಬಿಟ್ಟಿ ಮಾಡಿದರು. ಜಗತ್ತಿನಲ್ಲಿ ಭೂಬಳಕೆ ಸಂಶೋಧನೆಯ ದಿಕ್ಕು ಬದಲಿಸಿದ್ದು ಯಾವ ದೊಡ್ಡ ಸಿದ್ಧಾಂತಕ್ಕಿಂತ ಈ ಒಂದು ತೀರ್ಮಾನ ಅಂತ ನನ್ನ ಅನಿಸಿಕೆ. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇಡೀ ಭೂಮಿಯಲ್ಲಿ ಮರಗಳ ಹೊದಿಕೆ ಎಲ್ಲಿ ಹೋಯಿತು, ಎಲ್ಲಿ ಬಂತು ಅಂತ ನಕ್ಷೆ ಮಾಡಿದ್ದು ಈ ಬಿಟ್ಟಿ ಚಿತ್ರಗಳಿಂದಲೇ. 2015ರಿಂದ ಸೆಂಟಿನೆಲ್-2 ಕೂಡ ಬಿಟ್ಟಿ. ಚಿತ್ರ ಬಿಡಿಸಿ ನೋಡೋಕೆ ಕ್ಯೂಜಿಐಎಸ್ ಅನ್ನೋ ತಂತ್ರಾಂಶವೂ ಬಿಟ್ಟಿ, ಡಿಗ್ರಿ ಓದೋ ಹುಡುಗರು ಒಂದು ವಾರದಲ್ಲಿ ಕಲೀತಾರೆ.

ಇಲ್ಲೊಂದು ಸ್ವಾರಸ್ಯ ಹೇಳಲೇಬೇಕು. ಸೆಂಟಿನೆಲ್‌ನ ಒಂದು ಚುಕ್ಕೆ, ಅಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್. ನಮ್ಮ ಸರ್ವೆಯವರ ಹಳೇ ಸರಪಳಿ 33 ಅಡಿ, ಅಂದರೆ 10 ಮೀಟರ್‌ಗೆ ಒಂದು ಬೆರಳು ಜಾಸ್ತಿ. ಸರಪಳಿಗೆ ಸರಪಳಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎಂಟುನೂರು ಕಿಲೋಮೀಟರ್ ಆಚೆಯಿಂದ ನೋಡುವ ಯುರೋಪಿನ ಉಪಗ್ರಹ ನಮ್ಮ ಶಾನುಭೋಗರ ಲೆಕ್ಕದಲ್ಲೇ ಗುಂಟೆ ಗುಂಟೆಯಾಗಿ ಭೂಮಿ ಅಳೆಯುತ್ತಿದೆ ಅಂದಹಾಗಾಯಿತು. ಬೆಂಗಳೂರಿನವರಿಗೆ ಇನ್ನೂ ಸುಲಭವಾಗಿ ಹೇಳಬೇಕಂದರೆ, ಒಂದು ಥರ್ಟಿ ಫಾರ್ಟಿ ಸೈಟು ಅಂದರೆ ಒಂದು ಚುಕ್ಕೆಗಿಂತ ಚೂರು ಜಾಸ್ತಿ. ಹೊಸ ಬಡಾವಣೆಯಲ್ಲಿ ಮನೆ ಎದ್ದ ಹಾಗೆಲ್ಲ ಚುಕ್ಕೆ ಬಣ್ಣ ಬದಲಿಸುತ್ತೆ, ನಾನು ಕೂತು ಎಣಿಸಿದ್ದೇನೆ.

ಇಷ್ಟು ನಿಖರವಾದ ವಸ್ತು ಕೈಲಿದ್ದೂ ಏನಾಗುತ್ತೆ ನೋಡಿ. ಕೆಲವು ವರ್ಷದ ಹಿಂದೆ ನಮ್ಮೂರ ಪಕ್ಕದ ಸರ್ವೆ ನಂಬರಿನಲ್ಲಿ ಬಡಾವಣೆ ಮಾಡೋಕೆ ಭೂ ಪರಿವರ್ತನೆಯ ಅರ್ಜಿ ಬಿತ್ತು. ಕಚೇರಿ ಯಾವುದು ಅಂತ ಬೇಡ. ಫೈಲಿನೊಳಗೆ ಒಂದು ಉಪಗ್ರಹ ಚಿತ್ರ ಅಂಟಿಸಿದ್ದರು, ಮಾರ್ಚ್ ತಿಂಗಳದ್ದು. ಪಕ್ಕದಲ್ಲಿ ಷರಾ, 'ಸಾಗುವಳಿ ಇಲ್ಲದ ಖಾಲಿ ಜಮೀನು'. ಮಳೆ ನಂಬಿದ ಹೊಲದಲ್ಲಿ ಮಾರ್ಚ್‌ಗೆ ಏನಿರುತ್ತೆ ಸ್ವಾಮಿ? ಕೂಳೆ ಇರುತ್ತೆ, ಕುರಿ ಹಿಕ್ಕೆ ಇರುತ್ತೆ. ಅದೇ ಹೊಲವನ್ನು ಅಕ್ಟೋಬರ್‌ನಲ್ಲಿ ನೋಡಿದ್ದರೆ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು, ಅಂಚಿನಲ್ಲಿ ಹಳದಿ ಹೂವು. ಹೊಲದ ಮೂಲೆಯಲ್ಲಿ ಕೆರೆಗೆ ಹೋಗೋ ಒಂದು ಸಣ್ಣ ಹಳ್ಳ ಇತ್ತು. ಗ್ರಾಮ ನಕ್ಷೆಯಲ್ಲಿ ಅದಕ್ಕೆ ಜೋಡಿ ಗೆರೆ ಇದೆ, ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾಗುವಳಿಗೆ ಸೇರದೆ ಎಲ್ಲರಿಗೂ ಬಿಟ್ಟ ಜಾಗ, ಅಂತ ಮೂರು ಗುಂಟೆ ಇದೆ. ಬೇಸಿಗೆ ಚಿತ್ರದಲ್ಲಿ ಅದೂ ಮಣ್ಣಿನ ಬಣ್ಣವೇ. ಫೈಲು ಪಾಸಾಯಿತು, ಹಳ್ಳ ಹೋಗಿ ಎರಡಡಿ ಪೈಪು ಬಂತು. ಮೊದಲ ಜೋರು ಮಳೆಗೆ ಎರಡನೇ ಕ್ರಾಸಿನ ಮನೆಗಳಲ್ಲಿ ಮೊಣಕಾಲುದ್ದ ನೀರು. ಆ ಮನೆಯವರು ಸಾಲ ಮಾಡಿ ಕಟ್ಟಿದವರು, ಅವರ ತಪ್ಪೇನಿದೆ ಇದರಲ್ಲಿ?

ಆ ಖರಾಬು ಅನ್ನೋ ಪದವನ್ನೇ ನೋಡಿ. ಖರಾಬು ಅಂದರೆ ಕೆಟ್ಟದ್ದು. ಯಾರ ಪಾಲಿಗೆ ಕೆಟ್ಟದ್ದು? ಕಂದಾಯ ಎತ್ತುವವರ ಪಾಲಿಗೆ. ದಾರಿ, ಹಳ್ಳ, ರಾಜಕಾಲುವೆ, ಸ್ಮಶಾನ, ಎಲ್ಲರಿಗೂ ಬೇಕಾದದ್ದೆಲ್ಲ ಪುಸ್ತಕದಲ್ಲಿ ಕೆಟ್ಟದ್ದಾಯಿತು, ಯಾಕಂದರೆ ಅದರಿಂದ ಕಂದಾಯ ಬರಲ್ಲ. ಗೋಮಾಳದ ಕಥೆಯೂ ಅಷ್ಟೇ. ನಮ್ಮ ಕಂದಾಯ ನಿಯಮದಲ್ಲೇ ನೂರು ದನಕ್ಕೆ 30 ಎಕರೆ ಲೆಕ್ಕದಲ್ಲಿ ಗೋಮಾಳ ಇಡಬೇಕು ಅಂತ ಇದೆ. ಆದರೆ ದೇಶದ ಬಂಜರು ಭೂಮಿ ಅಟ್ಲಾಸ್ ತೆಗೆದರೆ ಹುಲ್ಲುಗಾವಲು, ಕುರುಚಲು ಬಯಲು ಎಲ್ಲಾ 'ಬಂಜರು' ಪಟ್ಟಿಯಲ್ಲಿ. ನಿಮ್ಮ ಪತ್ರಿಕೆಯ ಹಳದಿ ಬಣ್ಣ ಆಕಾಶದಿಂದ ಉದುರಿದ್ದಲ್ಲ, ಬ್ರಿಟಿಷರ ಕಾಲದ ಖಾತೆ ಪುಸ್ತಕದಿಂದ ಹರಿದು ಬಂದದ್ದು.

ಇದು ನಮ್ಮೂರಿನ ಗೊಣಗಾಟ ಅಷ್ಟೇ ಅಲ್ಲ. 2019ರಲ್ಲಿ ದೊಡ್ಡ ವಿಜ್ಞಾನ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬಂತು, ಭೂಮಿಯ ಮೇಲೆ ಇನ್ನೂ 90 ಕೋಟಿ ಹೆಕ್ಟೇರ್‌ನಷ್ಟು ಮರದ ನೆರಳು ಬೆಳೆಸೋಕೆ ಜಾಗ ಇದೆ ಅಂತ. ಜಗತ್ತೆಲ್ಲ ಕುಣಿದಾಡಿತು. ಕೆಲವೇ ತಿಂಗಳಲ್ಲಿ ಬೇರೆ ವಿಜ್ಞಾನಿಗಳು ತಿರುಗಿಬಿದ್ದರು. ನೀವು ಖಾಲಿ ಅಂದ ಜಾಗದಲ್ಲಿ ಎಷ್ಟೋ ಆಫ್ರಿಕಾದ ಸವನ್ನಾ, ಹುಲ್ಲುಗಾವಲು, ಅಲ್ಲಿ ಮರ ಇಲ್ಲದಿರೋದೇ ಸಹಜ, ಅಲ್ಲಿ ದನಕರು ಮೇಯುತ್ತವೆ, ಅಲ್ಲಿ ಮರ ತುಂಬಿದರೆ ಹಾಳಾಗುತ್ತೆ ಅಂತ. ನಮ್ಮ ಚಿಕ್ಕಪ್ಪ ಜಗಲಿ ಮೇಲೆ ಕೂತು ಹೇಳಿದ್ದೂ ಅದನ್ನೇ, ಅಡಿಟಿಪ್ಪಣಿ ಇಲ್ಲದೆ. ಮರ ನೆಡೋ ಹುಚ್ಚು ನಮಗೂ ಬಂದಿತ್ತಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಕೋಲಾರ, ಬೆಂಗಳೂರು ಗ್ರಾಮಾಂತರದ ತುಂಬ ನೀಲಗಿರಿ ಬಂತು, ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡಬೇಡಿ ಅನ್ನಬೇಕಾಯಿತು. ಈಗಲೂ ಭಾರತೀಯ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ ಒಂದು ಹೆಕ್ಟೇರ್ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ನೀಲಗಿರಿ ಆದರೂ ಸರಿ, ಮಾವಿನ ತೋಟ ಆದರೂ ಸರಿ.

ಚಳ್ಳಕೆರೆಯ ಅಮೃತ್ ಮಹಲ್ ಕಾವಲು ನೆನಪಿದೆಯಾ? ಮೈಸೂರು ಅರಸರ ಕಾಲದಿಂದ ದನಗಳಿಗೆ ಅಂತಲೇ ಬಿಟ್ಟಿದ್ದ ಹುಲ್ಲುಗಾವಲು. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಸಾವಿರಾರು ಎಕರೆ ಕೊಟ್ಟಾಗ ಮೇಲಿಂದ ನೋಡಿದವರಿಗೆ ಅದು ಖಾಲಿ ಬಯಲು. ಕೆಳಗೆ ಕಂಬಳಿ ನೇಯುವ ಊರುಗಳಿದ್ದವು, ಕುರಿ ಹಿಂಡುಗಳಿದ್ದವು. ದೇಶ ಕಾಯೋ ಸಂಸ್ಥೆ ಬೇಡ ಅಂತ ನಾನು ಹೇಳ್ತಿಲ್ಲ. ಖಾಲಿ ಅಂದದ್ದು ಸುಳ್ಳು ಅಂತಷ್ಟೇ ಹೇಳ್ತಿರೋದು. ನಮ್ಮ ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲಿಗೂ ಅದೇ ಗತಿ ಆಗುತ್ತಿತ್ತು. ಅಲ್ಲಿ ಹಕ್ಕಿ ನೋಡುವವರು ವರ್ಷಗಟ್ಟಲೆ ಪಟ್ಟಿ ಮಾಡಿ, ಅರ್ಜಿ ಹಾಕಿ, ಕೋರ್ಟು ಅಲೆದು, ಅಂತೂ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿತು. ಉಪಗ್ರಹ ಅದೇ, ಹುಲ್ಲೂ ಅದೇ. ಹೆಸರು ಬದಲಾಯಿತು.

ನಕ್ಷೆ ಇದ್ದರೆ ಸಾಲದು ಅನ್ನೋದಕ್ಕೆ ಬ್ರೆಜಿಲ್‌ಗಿಂತ ಒಳ್ಳೆ ಪಾಠ ಇಲ್ಲ. ಅವರ ಬಾಹ್ಯಾಕಾಶ ಸಂಸ್ಥೆ ಇನ್ಪೆ 1988ರಿಂದ ಪ್ರತಿ ವರ್ಷ ಅಮೆಜಾನ್ ಕಾಡು ಎಷ್ಟು ಹೋಯಿತು ಅಂತ ಲೆಕ್ಕ ಕೊಡುತ್ತಿದೆ. 2004ರಲ್ಲಿ ಒಂದೇ ವರ್ಷಕ್ಕೆ 27 ಸಾವಿರ ಚದರ ಕಿಲೋಮೀಟರ್‌ಗಿಂತ ಜಾಸ್ತಿ ಹೋಗಿತ್ತು. ಆ ವರ್ಷವೇ ಡೀಟರ್ ಅಂತ ಇನ್ನೊಂದು ವ್ಯವಸ್ಥೆ ಬಂತು. ಇದು ವರ್ಷದ ಲೆಕ್ಕ ಅಲ್ಲ, ಮರ ಬೀಳುತ್ತಿದ್ದ ಹಾಗೇ ಎಚ್ಚರಿಕೆ. ಅದು ನೇರ ಪರಿಸರ ಪೊಲೀಸರ ಕೈಗೆ ಹೋಗಿ, ಅವರು ಗಾಡಿ ಹತ್ತಿ ಹೊರಟು, ದಂಡ ಹಾಕಿ, ಬ್ಯಾಂಕು ಸಾಲ ನಿಲ್ಲಿಸಿ, 2012ರ ಹೊತ್ತಿಗೆ ಲೆಕ್ಕ 4,600ರ ಹತ್ತಿರ ಇಳಿಯಿತು. ಆಮೇಲೆ ಸರ್ಕಾರ ಬದಲಾಯಿತು. 2019ರಲ್ಲಿ ಅಂಕಿಅಂಶ ಇಷ್ಟವಾಗಲಿಲ್ಲ ಅಂತ ಇನ್ಪೆಯ ಮುಖ್ಯಸ್ಥರನ್ನೇ ತೆಗೆದರು, 2021ರಲ್ಲಿ ಲೆಕ್ಕ ಮತ್ತೆ 13 ಸಾವಿರ ದಾಟಿತು. ಅಷ್ಟೂ ದಿನ ಉಪಗ್ರಹ ತಪ್ಪದೆ ಚಿತ್ರ ಕಳಿಸುತ್ತಲೇ ಇತ್ತು.

ಇದಕ್ಕೆ ತಿರುಗಾಮುರುಗಾ ಕಥೆ ನೈಜರ್ ದೇಶದ್ದು. ಸಹಾರಾ ಅಂಚಿನ ಬಡ ದೇಶ. ಅಲ್ಲಿ ಹೊಲದ ಮರವೂ ಸರ್ಕಾರದ್ದು ಅಂತ ಇದ್ದಾಗ ರೈತರು ಚಿಗುರನ್ನು ಕಿತ್ತೆಸೆಯುತ್ತಿದ್ದರು. 1980ರ ದಶಕದಿಂದ ಆ ಬಿಗಿ ಸಡಿಲವಾಯಿತು, ಮರದ ಲಾಭ ನಮಗೇ ಅಂತ ನಂಬಿಕೆ ಬಂತು. ರೈತರು ಹಳೇ ಬೊಡ್ಡೆಯಿಂದ ಬಂದ ಚಿಗುರನ್ನೇ ಸವರಿ ಬೆಳೆಸಿದರು, ಸಜ್ಜೆ ನಡುವೆ ಮರ. ಯಾವ ಯೋಜನೆಯ ಫಲಕವೂ ಇಲ್ಲದ್ದರಿಂದ ಹೊರಗಿನವರಿಗೆ ಗೊತ್ತೇ ಆಗಲಿಲ್ಲ. 2000ದ ನಂತರ ಸಂಶೋಧಕರು ಹಳೇ ವಿಮಾನ ಫೋಟೋ, ಹೊಸ ಉಪಗ್ರಹ ಚಿತ್ರ ಹೊಂದಿಸಿ ನೋಡಿ, ರೈತರ ಹತ್ತಿರ ಹೋಗಿ ಕೇಳಿದ ಮೇಲೆ ಗೊತ್ತಾದದ್ದು, ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಬಂದಿದೆ ಅಂತ. ಹೋಗಿ ಕೇಳಿದ್ದು ಮುಖ್ಯ. ನಮ್ಮ ಬದುಗಳಲ್ಲಿ ಹೊಂಗೆ, ಹುಣಸೆ, ಹಲಸು ಸವರಿ ಉಳಿಸಿಕೊಂಡವರನ್ನು ಯಾರು ಕೇಳಿದ್ದಾರೆ?

ಇಲ್ಲಿ ಏನೂ ನಡೆದೇ ಇಲ್ಲ ಅಂದರೆ ಸುಳ್ಳಾಗುತ್ತೆ. ಸುಜಲ ಜಲಾನಯನ ಯೋಜನೆಯಲ್ಲಿ, ವಿಶ್ವಬ್ಯಾಂಕ್ ಸಾಲದಲ್ಲಿ, ನಮ್ಮ ಹೆಬ್ಬಾಳದಲ್ಲಿರುವ ಮಣ್ಣು ಸರ್ವೆ ಕೇಂದ್ರದವರೂ ಸೇರಿ ಗ್ರಾಮ ನಕ್ಷೆಯನ್ನೇ ಕೈಲಿ ಹಿಡಿದು ಹೊಲ ಹೊಲ ಸುತ್ತಿದರು. ಗುಂಡಿ ತೋಡಿ ಮಣ್ಣಿನ ಆಳ ನೋಡಿ, ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಬರೆದಿಟ್ಟರು. ಜಗತ್ತಿನ ಮಣ್ಣಿನ ನಕ್ಷೆ ಸಾಯಿಲ್‌ಗ್ರಿಡ್ಸ್ ಇದೆಯಲ್ಲ, ನೆದರ್‌ಲ್ಯಾಂಡ್ಸ್‌ನವರದು, ಅದರ ಒಂದು ಚುಕ್ಕೆ 250 ಮೀಟರ್, ಹದಿನೈದು ಎಕರೆ ಅಂದುಕೊಳ್ಳಿ. ನಮ್ಮ ಚಿಕ್ಕಪ್ಪನ ಜಮೀನು, ದಾಯಾದಿಗಳ ಜಮೀನು, ಕುಂಟೆ, ಎಲ್ಲಾ ಸೇರಿ ಒಂದೇ ಮಣ್ಣು ಅನ್ನುತ್ತೆ ಅದು. ನಮ್ಮವರ ಕೆಲಸ ಅದಕ್ಕಿಂತ ಎಷ್ಟೋ ಮೇಲು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತೆ, ಅದೂ ಇಲ್ಲೇ ಮಾಡಿದ್ದು. ಮೋಡದ ಕಾಟಕ್ಕೂ ಔಷಧಿ ಬಂದಿದೆ. ನಮ್ಮಲ್ಲಿ ಬೆಳೆ ಇರೋ ಕಾಲಕ್ಕೇ ಮೋಡ ಇರುತ್ತೆ, ಮಾಮೂಲಿ ಕ್ಯಾಮೆರಾಗೆ ಹೊಲ ಕಾಣೋದು ಕೊಯ್ಲಾದ ಮೇಲೆ. ಜುಲೈ 2025ರಲ್ಲಿ ಹಾರಿದ ನಿಸಾರ್ ಉಪಗ್ರಹದ್ದು ರೇಡಾರ್ ಕಣ್ಣು, ಮೋಡ ತೂರಿ ನೋಡುತ್ತೆ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತೆ. ಇಸ್ರೋ, ನಾಸಾ ಇಬ್ಬರ ಉಪಕರಣಗಳನ್ನೂ ಸೇರಿಸಿ ಅದನ್ನು ಜೋಡಿಸಿದ್ದು ಇದೇ ಬೆಂಗಳೂರಲ್ಲಿ.

ಆದ್ದರಿಂದ ಆಗಲ್ಲ ಅನ್ನೋ ನೆಪ ಇನ್ನು ನಡೆಯಲ್ಲ. ಯುರೋಪಿನವರನ್ನೇ ನೋಡಿ. ಅವರ ಅರಣ್ಯನಾಶ ತಡೆಯೋ ಕಾನೂನು, 2023ರದ್ದು, ಜಾರಿ ಮುಂದಕ್ಕೆ ಹೋಗಿದೆ, ಆದರೂ ಅದರ ಪ್ರಕಾರ ಕೊಡಗು, ಚಿಕ್ಕಮಗಳೂರಿನ ಕಾಫಿ ಅಲ್ಲಿಗೆ ಹೋಗಬೇಕಾದರೆ ಯಾವ ತೋಟದಲ್ಲಿ ಬೆಳೆದದ್ದು ಅಂತ ಅಕ್ಷಾಂಶ ರೇಖಾಂಶ ಕೊಡಬೇಕು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗ ಆಗಿರಬಾರದು. ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ತೋಟ ಆದರೆ ಸುತ್ತಲಿನ ಗಡಿಯನ್ನೇ ಕೊಡಬೇಕು. ಯಾರೋ ಕುಡಿಯೋ ಒಂದು ಲೋಟ ಕಾಫಿಗೆ ಇಷ್ಟು ವಿಚಾರಣೆ ಸಾಧ್ಯ. ನಮ್ಮ ಕೆರೆಗೆ ಹೋಗೋ ಹಳ್ಳದ ಮೇಲೆ ಸೈಟು ಹಂಚುವಾಗ ಒಂದು ಮಳೆಗಾಲದ ಚಿತ್ರ ತೆಗೆದು ನೋಡೋದು ಸಾಧ್ಯ ಇಲ್ವಾ? ನೆರಳಿನ ಕಾಫಿ ತೋಟವನ್ನು ಕಾಡಿನಿಂದ ಬೇರೆ ಮಾಡಿ ಗುರುತಿಸೋದು ಈ ಜಾಗತಿಕ ನಕ್ಷೆಗಳಿಗೆ ಕಷ್ಟ ಅನ್ನೋದು ಬೇರೆ ಮಾತು. ಬೆಳೆಗಾರರು ಈಗಲೇ ತಮ್ಮ ದಾಖಲೆ ಸರಿ ಮಾಡಿಕೊಳ್ಳಲಿ.

ಬೆಂಗಳೂರು ಈಗಲೂ ನಡೆಯುತ್ತಿರೋದು 2007ರಲ್ಲಿ ಒಪ್ಪಿಗೆಯಾದ, 2015ಕ್ಕೆ ಅಂತ ಮಾಡಿದ ಮಾಸ್ಟರ್ ಪ್ಲಾನ್ ಮೇಲೆ. 2031ರ ಕರಡು 2017ರಲ್ಲಿ ಬಂತು, ಆಮೇಲೆ ವಾಪಸ್ ಹೋಯಿತು. ಐದು ದಿನಕ್ಕೊಮ್ಮೆ ಹೊಸ ಚಿತ್ರ ಬರೋ ಕಾಲದಲ್ಲಿ ಊರಿನ ಭೂಬಳಕೆ ನಕ್ಷೆ ಇಷ್ಟು ಹಳೇದು. ಮುಂದಿನ ಪ್ಲಾನ್ ಯಾರೇ ಮಾಡಲಿ, ನಾನು ಕೇಳೋದು ಇಷ್ಟು. ಭೂ ಪರಿವರ್ತನೆಯ ಪ್ರತಿ ಫೈಲಿಗೂ ಮೂರು ಕಾಲದ ಚಿತ್ರ ಹಾಕಿ, ಒಂದು ಮುಂಗಾರಿನದ್ದು ಇರಲೇಬೇಕು. ಅದರ ಮೇಲೆ ಗ್ರಾಮ ನಕ್ಷೆಯ ಹಳ್ಳ, ಕುಂಟೆ, ಖರಾಬು ಗೆರೆಗಳನ್ನು ಹೊದಿಸಿ. ಬಣ್ಣದ ವಿವರಣೆಯಲ್ಲಿ ಗೋಮಾಳ, ಗುಂಡುತೋಪು, ಕಾವಲು, ಅಕ್ಕಡಿ ಹೊಲ ಅಂತ ಕನ್ನಡದ ಖಾನೆಗಳಿರಲಿ, 'ಇತರೆ' ಬೇಡ. ಅದನ್ನು ಪಂಚಾಯಿತಿ ಗೋಡೆಗೆ ಒಂದು ತಿಂಗಳು ಅಂಟಿಸಿ. ನಮ್ಮ ಕಸುಬಿನಲ್ಲಿ ನಕ್ಷೆ ಸರಿಯಾ ಅಂತ ಜಾಗಕ್ಕೆ ಹೋಗಿ ನೋಡೋದಕ್ಕೆ ಗ್ರೌಂಡ್ ಟ್ರೂತ್ ಅಂತೀವಿ, ಅದಕ್ಕೆ ದುಡ್ಡು ಕೊಟ್ಟು ಹುಡುಗರನ್ನು ಕಳಿಸ್ತೀವಿ. ಕುರಿ ಕಾಯೋವರು ಗೋಡೆ ಮುಂದೆ ನಿಂತು ನೋಡಿದರೆ ಆ ಕೆಲಸ ಅರ್ಧ ಗಂಟೆಯಲ್ಲಿ ಆಗುತ್ತೆ.

ಇನ್ನೊಂದು ಸಣ್ಣ ಕೋರಿಕೆ ನಿಮಗೇ. ಮತ್ತೆ ಇಂಥ ಚಿತ್ರ ಹಾಕುವಾಗ ಬಣ್ಣದ ವಿವರಣೆಯನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ. ಭಾನುವಾರದ ಪುಟವನ್ನು ಊರಿಗೆ ತಗೊಂಡು ಹೋಗಿದ್ದೆ, ಚಿಕ್ಕಪ್ಪನ ಕನ್ನಡಕಕ್ಕೆ ಅದು ಕಾಣಿಸಲಿಲ್ಲ. ನಾನೇ ಓದಿ ಹೇಳಬೇಕಾಯಿತು, 'ಬಂಜರು ಮತ್ತು ಇತರೆ' ಅಂತ.

ಇಂತಿ,
ನಿಮ್ಮ ಓದುಗ, ವಿದ್ಯಾರಣ್ಯಪುರ, ಬೆಂಗಳೂರು